ವಿಭೂತಿ ಹಚ್ಚಿದ ಡಿಸ್ಕು

ಮೊಸರಿನ ಪಾತ್ರೆಗೆ ಮುಚ್ಚಳ ಸಿಗದಿದ್ದರೆ ನಾನು ಫ್ಲಾಪಿ ಡಿಸ್ಕು ಮುಚ್ಚುತ್ತಿದ್ದೆ. ಬಹಳ ವರ್ಷ ಹಾಗೇ ನಡೆಯಿತು. ಈಗಿನವರಿಗೆ ಫ್ಲಾಪಿ ಎಂದರೆ ತಿಳಿಯದು. ಅಂಗೈಗಿಂತ ಕೊಂಚ ದೊಡ್ಡದು, ಕಪ್ಪಗೆ, ಚೌಕವಾಗಿ, ಹಪ್ಪಳದ ಹಾಗೆ ತೆಳ್ಳಗೆ. ಹಿಡಿದರೆ ಬಳುಕುತ್ತದೆ. ಹೊರಗಿನದು ಬರೀ ಲಕೋಟೆ. ಒಳಗೆ ಕಂದು ಬಣ್ಣದ ಒಂದು ದುಂಡು ಹಾಳೆ ಇರುತ್ತದೆ. ಕಂಪ್ಯೂಟರು ಓದುವುದು ಆ ದುಂಡು ಹಾಳೆಯನ್ನು. ಲಕೋಟೆಯ ನಡುವೆ ಒಂದು ತೂತು, ಅದರ ಕೆಳಗೆ ಹೆಬ್ಬೆರಳಗಲದ ಒಂದು ಕಿಟಕಿ. ತೂತಿನ ಮೇಲೊಂದು ಲೋಟ ಬೋರಲು ಹಾಕಿದರೆ ಇರುವೆಯೂ ನುಗ್ಗದು. ಬೇಸಿಗೆಯಲ್ಲಿ ಕರೆಂಟು ಹೋದರೆ ಎರಡು ಡಿಸ್ಕು ಜೋಡಿಸಿ ಹಿಡಿದು ಬೀಸಿಕೊಳ್ಳುತ್ತಿದ್ದೆ. ಗಾಳಿ ಹೆಚ್ಚೇನೂ ಬರುತ್ತಿರಲಿಲ್ಲ, ಟಪಟಪ ಸದ್ದು ಬರುತ್ತಿತ್ತು. ಆ ಸದ್ದಿಗೇ ಅರ್ಧ ಸೆಕೆ ಹೋದಂತಾಗುತ್ತಿತ್ತು.

ಇದನ್ನೆಲ್ಲ ಕೇಳಿ ವಸಂತಿ ಎಂಬ ಹುಡುಗಿ ನಮ್ಮ ಮನೆಯ ಸೋಫಾದ ಮೇಲೆ ಹಣೆ ಒತ್ತಿಕೊಂಡು ಕೂತುಬಿಟ್ಟಳು. ಹುಡುಗಿ ಎಂದೆ, ನಲವತ್ತರ ಹತ್ತಿರದವಳು. ನನ್ನ ವಯಸ್ಸಿಗೆ ಎಲ್ಲರೂ ಹುಡುಗಿಯರೇ. ಅವಳಿಗೆ ಹಗಲು ಬ್ಯಾಂಕಿನ ಕೆಲಸ. ಮಿಕ್ಕ ಹೊತ್ತೆಲ್ಲ ಹಳೆಯ ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸುವ ಕಾರ್ಡುಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು, ಅವು ಮತ್ತೆ ನಡೆಯುವಂತೆ ಮಾಡುವ ಹುಚ್ಚು.

“ಪಾಟಿ, ಎಷ್ಟು ಡಿಸ್ಕು ಮೊಸರಿಗೆ ಹೋಯಿತು?” ಎಂದು ಕೇಳಿದಳು. ತಮಿಳರು ಅಜ್ಜಿಯನ್ನು ಪಾಟಿ ಎನ್ನುತ್ತಾರೆ. ನಾವಿಬ್ಬರೂ ಆಡಿದ್ದೆಲ್ಲ ತಮಿಳಿನಲ್ಲೇ. ಇಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೇನೆ.

“ಲೆಕ್ಕ ಯಾರು ಇಟ್ಟರು? ಮೊಸರು ಮಾತ್ರ ಒಂದು ದಿನವೂ ಕೆಡಲಿಲ್ಲ” ಎಂದೆ.

ಅವಳು ನಗಲಿಲ್ಲ. ಚೀಲದಿಂದ ಬೆಳ್ಳಿ ಬಣ್ಣದ ಒಂದು ಪೊಟ್ಟಣ ತೆಗೆದು, ಅದರೊಳಗಿನಿಂದ ಹಸಿರು ಹಲಗೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಈಚೆ ತೆಗೆದಳು. ಕೂಸನ್ನು ತೊಟ್ಟಿಲಿನಿಂದ ಎತ್ತುವ ಹಾಗೆ. ಮದರಾಸಿನ ಪಲ್ಲಾವರಂ ಸಂತೆಯಲ್ಲಿ ಹಳೆಯ ಫ್ಯಾನು, ಮುರಿದ ಮಿಕ್ಸಿಗಳ ರಾಶಿಯಲ್ಲಿ ಸಿಕ್ಕಿತಂತೆ. ಹಲಗೆಯ ಮೂಲೆಯಲ್ಲಿ ತಾಮ್ರದಲ್ಲಿ ಇಂಗ್ಲಿಷಿನಲ್ಲಿ ‘ಗೌರಿ’ ಎಂದಿತ್ತು. ಯಾವ ಪುಸ್ತಕದಲ್ಲೂ ಆ ಹೆಸರಿನ ಕಾರ್ಡು ಇಲ್ಲ ಎಂದು, ಬಿಡಿಭಾಗ ಮಾರುವ ಬೀದಿಯಲ್ಲೆಲ್ಲ ತೋರಿಸಿಕೊಂಡು ತಿರುಗಿದಳಂತೆ. ಕೊನೆಗೆ ಬೆಸುಗೆಗೆ ಬೇಕಾಗುವ ಸೀಸದ ತಂತಿ ಮಾರುವ ಮುದುಕನೊಬ್ಬ, “ಇದು ಕನ್ನಡದ ಯಜಮಾನರು ಮಾಡಿದ್ದು. ಅವರಿಲ್ಲ. ಹೆಂಡತಿ ಬೆಸೆಂಟ್ ನಗರದಲ್ಲಿದ್ದಾಳೆ, ಬಾಯಿ ಸ್ವಲ್ಪ ಜೋರು” ಎಂದು ಗುರುತು ಹೇಳಿ ಕಳಿಸಿದ್ದಾನೆ.

ಕಾರ್ಡು ಕಂಡು ನನಗೆ ಏನೂ ಆಗಲಿಲ್ಲ. ಕಥೆಗಳಲ್ಲಾದರೆ ಕಣ್ಣು ತುಂಬಿ ಬರುತ್ತದೆ. ನನಗೆ ಅನ್ನಿಸಿದ್ದು, ಪರವಾಗಿಲ್ಲ, ಹುಡುಗಿ ಚೆನ್ನಾಗಿ ಒರೆಸಿದ್ದಾಳೆ ಎಂದು.

“ಕಾರ್ಡು ಸಿಕ್ಕಿದೆ ಪಾಟಿ. ಇದರ ಡಿಸ್ಕು ಬೇಕು. ಡಿಸ್ಕಿಲ್ಲದೆ ಇದು ಬರೀ ಹಲಗೆ” ಎಂದಳು. “ಎಲ್ಲ ಕಡೆ ಇದೇ ಕಥೆ. ಕಾರ್ಡು ನೋಡಲು ಬೆಲೆಬಾಳುವ ವಸ್ತುವಿನಂತೆ ಇರುತ್ತದೆ, ಅದಕ್ಕೆ ಇಟ್ಟುಕೊಳ್ಳುತ್ತಾರೆ. ಡಿಸ್ಕು ಕಸದಂತೆ ಕಾಣುತ್ತದೆ, ಬಿಸಾಡುತ್ತಾರೆ. ಆಮೇಲೆ ಕಾರ್ಡಿಟ್ಟುಕೊಂಡು ಏನು ಮಾಡುವುದು?”

ಅವಳನ್ನು ಕರೆದುಕೊಂಡು ಹೋಗಿ ದೇವರ ಗೂಡು ತೋರಿಸಿದೆ. ಲಿಂಗದ ಹಿಂದೆ, ಗೋಡೆಗೆ ಒರಗಿಕೊಂಡು, ಒಂದೇ ಒಂದು ಡಿಸ್ಕು ಇತ್ತು. ಅದರ ಮೈಮೇಲೆ ಅಡ್ಡಕ್ಕೆ ಮೂರು ಗೆರೆ ವಿಭೂತಿ.

ವಸಂತಿ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಮುಟ್ಟಲಿಲ್ಲ. ಗೆರೆಗಳು ಸರಿಯಾಗಿ ಆ ಕಿಟಕಿಯ ಮೇಲೆಯೇ ಹಾದುಹೋಗಿದ್ದವು. ಕಿಟಕಿಯಲ್ಲಿ ಕಾಣುವ ಕಂದು ಹಾಳೆಗೂ ವಿಭೂತಿ ಮೆತ್ತಿತ್ತು.

“ಯಾರು ಮಾಡಿದ್ದು ಈ ಕೆಲಸ?” ಎಂದಳು, ಧ್ವನಿ ಇಳಿಸಿ.

“ಇನ್ಯಾರು. ಡಿಸ್ಕು ಮಾಡಿದವರೇ.”

ಬೂದಿ ತೇವ ಎಳೆದುಕೊಂಡು ಡಿಸ್ಕನ್ನು ಕಾಪಾಡಿರಬಹುದು, ಅದಕ್ಕೇ ಬೂಷ್ಟು ಹಿಡಿದಿಲ್ಲ ಎಂದಳು. ಆದರೆ ಹಾಗೇ ಯಂತ್ರಕ್ಕೆ ಹಾಕಿದರೆ ಬೂದಿಯ ಕಣ ಉಪ್ಪುಕಾಗದದ ಹಾಗೆ ಉಜ್ಜಿ, ಒಳಗಿರುವುದನ್ನೆಲ್ಲ ಕಿತ್ತು ಹಾಕುತ್ತದಂತೆ. ಲಕೋಟೆಯ ಅಂಚು ಸೀಳಿ, ದುಂಡು ಹಾಳೆಯನ್ನು ಈಚೆ ತೆಗೆದು, ತೊಳೆದು, ಒಣಗಿಸಿ, ಬೇರೆ ಲಕೋಟೆಗೆ ಹಾಕಿದರೆ ಓದಬಹುದು. ಓದದೆಯೂ ಇರಬಹುದು.

“ನನ್ನ ಮಗಳನ್ನು ಕೇಳಬೇಕು. ಭಾನುವಾರ ಬಾ” ಎಂದೆ.

ಅವಳು ಹೋದ ಮೇಲೆ ಊಟ ಮಾಡಿ ಅಡ್ಡಾದೆ. ನಮ್ಮ ಮನೆಗೆ ಮಧ್ಯಾಹ್ನ ಸಮುದ್ರದ ಗಾಳಿ ಬರುತ್ತದೆ. ಪರದೆ ಉಬ್ಬಿ ಒಳಗೆ ಬರುತ್ತದೆ, ಆಮೇಲೆ ಏನೋ ನೆನಪಾದಂತೆ ಹೊರಗೆ ಹೋಗುತ್ತದೆ. ಎಚ್ಚರವೂ ಅಲ್ಲದ, ನಿದ್ದೆಯೂ ಅಲ್ಲದ ಆ ಹೊತ್ತಿನಲ್ಲಿ ಚಾವಣಿಯ ಮೇಲೆ ಹಸಿರು ಅಕ್ಷರಗಳು ತೇಲುತ್ತವೆ. ಕಣ್ಣಿನ ಪೊರೆ ತೆಗೆಸಿದ್ದರಿಂದ ಹೀಗೆ ಎಂದು ಡಾಕ್ಟರು ಹೇಳುತ್ತಾರೆ. ಇರಬಹುದು. ಆದರೆ ಪೊರೆ ಬರುವುದಕ್ಕೂ ಎಷ್ಟೋ ವರ್ಷ ಮುಂಚೆಯೇ ಅವು ನನಗೆ ಕಾಣುತ್ತಿದ್ದವು.

ನಮ್ಮ ಮಾವನವರು ನಂಜನಗೂಡಿನ ಕಡೆಯಿಂದ ಬಂದು ಈ ಊರಿನಲ್ಲಿ ಅರಿಶಿನದ ವ್ಯಾಪಾರ ಮಾಡಿದವರು. ನಮ್ಮ ಯಜಮಾನರಿಗೆ ಅರಿಶಿನ ಹಿಡಿಸಲಿಲ್ಲ. ಸಿಕ್ಕಿದ್ದನ್ನೆಲ್ಲ ಬಿಚ್ಚುವ ಮನುಷ್ಯ. ಮೊದಲು ರೇಡಿಯೋ ಬಿಚ್ಚಿದರು, ಆಮೇಲೆ ಟಿ.ವಿ., ಕೊನೆಗೆ ಕಂಪ್ಯೂಟರು. ಮೌಂಟ್ ರೋಡಿನ ಹಿಂದಿನ ಒಂದು ಗಲ್ಲಿಯಲ್ಲಿ ಅಂಗಡಿ. ಆಗಿನ ಕಂಪ್ಯೂಟರಿಗೆ ಇಂಗ್ಲಿಷು ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅದಕ್ಕೆ ಕನ್ನಡ ಕಲಿಸುತ್ತೇನೆ ಎಂದು ಹೊರಟರು. ಮದರಾಸಿನಲ್ಲಿ ಕೂತು ಕಂಪ್ಯೂಟರಿಗೆ ಕನ್ನಡ ಕಲಿಸುವುದು ಯಾಕೆ, ಮೊದಲು ಮಗಳಿಗೆ ಕಲಿಸಿ ಎಂದು ನಾನು ಅಂದದ್ದುಂಟು. ಗೌರಿ ಆಗ ಕಾನ್ವೆಂಟಿನಲ್ಲಿ ಇಂಗ್ಲಿಷು, ತಮಿಳು ಓದುತ್ತಿದ್ದಳು. ಮಗಳ ಹೆಸರನ್ನು ಕಾರ್ಡಿಗೆ ಇಟ್ಟರು. ಕಾರ್ಡು ಕನ್ನಡ ಕಲಿಯಿತು, ಮಗಳು ಕಲಿಯಲಿಲ್ಲ.

ಕಲಿಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಅಕ್ಷರಗಳು ಕಾರ್ಡಿನೊಳಗೆ ಇರಲಿಲ್ಲ, ಡಿಸ್ಕಿನೊಳಗೆ ಇದ್ದವು. ಬೆಳಗ್ಗೆ ಎದ್ದು ಡಿಸ್ಕು ತುರುಕಿದರೆ ಕಾರ್ಡಿಗೆ ಅಕ್ಷರ ಬರುತ್ತಿತ್ತು. ಕರೆಂಟು ಹೋದರೆ ಎಲ್ಲ ಮರೆತು ಕೂರುತ್ತಿತ್ತು. ಒಲೆ ಇದ್ದರೆ ಸಾಲದು, ದಿನಾ ಯಾರಾದರೂ ಬೆಂಕಿ ಹಾಕಬೇಕಲ್ಲ, ಹಾಗೆ.

ಆ ಅಕ್ಷರಗಳನ್ನು ಅವರು ಚೌಕದ ಹಾಳೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂರಿಸುತ್ತಿದ್ದರು. ನೋಡಿದರೆ ನಾವು ಬಾಗಿಲಲ್ಲಿ ಹಾಕುವ ಚುಕ್ಕಿ ರಂಗೋಲಿಯೇ, ಗೆರೆ ಎಳೆಯುವುದನ್ನು ಮಾತ್ರ ಮರೆತಿದ್ದಾರೆ. ಸಂಜೆ ಕೋಣೆಯ ದೀಪ ಆರಿಸಿ ನನ್ನನ್ನು ಕರೆಯುತ್ತಿದ್ದರು. ಬೆಸುಗೆ ಹಾಕಿದ ಹೊಗೆ ಸಾಂಬ್ರಾಣಿಯ ಹಾಗೆ ಕೋಣೆಯಲ್ಲಿ ನಿಂತಿರುತ್ತಿತ್ತು. ಕಪ್ಪು ಗಾಜಿನ ಮೇಲೆ ಹಸಿರಾಗಿ ಒಂದು ಅಕ್ಷರ ಏಳುತ್ತಿತ್ತು, ಕೆರೆಯ ತಳದಿಂದ ಮೀನು ಮೇಲೆ ಬರುವ ಹಾಗೆ.

“ಏನಿದು, ಓದು.”

“ಭ.”

“ಅದು ಭ ಅಲ್ಲ, ಬ.”

“ಹಾಗಾದ್ರೆ ಹೊಟ್ಟೆ ಸೀಳಿರೋ ಥರ ಯಾಕೆ ಕಾಣ್ತದೆ?”

ಅವರು ಗೊಣಗಿಕೊಂಡು ಎರಡು ಚುಕ್ಕಿ ಅಳಿಸುತ್ತಿದ್ದರು.

ಒಂದು ಸಲ ಕೇಳಿದೆ, ಕನ್ನಡ ಮೇಷ್ಟ್ರು ಯಾರನ್ನಾದರೂ ಕರೆದು ತೋರಿಸಬಾರದೇ ಎಂದು. “ಓದಿದವರು ಅಕ್ಷರ ನೋಡಲ್ಲ, ಊಹೆ ಮಾಡಿ ಓದ್ತಾರೆ. ನಿಂಗೆ ಊಹೆ ಬರಲ್ಲ” ಎಂದರು. ಇದು ಹೊಗಳಿಕೆಯೋ ಬೈಗುಳವೋ ಇವತ್ತಿಗೂ ಇತ್ಯರ್ಥವಾಗಿಲ್ಲ. ನಾನು ಓದಿದ್ದು ಮೂರನೆಯ ಕ್ಲಾಸು. ಅದೂ ಮರಳಿನಲ್ಲಿ. ನಮ್ಮ ಊರಿನ ಐಗಳು ಜಗಲಿಯ ಮೇಲೆ ಮರಳು ಹರಡಿ ಬೆರಳಲ್ಲಿ ತಿದ್ದಿಸುತ್ತಿದ್ದರು. ನಾನು ‘ಅ’ ಬರೆದು ಮುಗಿಸುವಷ್ಟರಲ್ಲಿ ಅವರ ಮನೆಯ ಎಮ್ಮೆಕರು ಅದರ ಮೇಲೆ ಹಾದುಹೋಗಿರುತ್ತಿತ್ತು. ಹಾಗಾಗಿ ನನಗೆ ಬಹಳ ದಿನ ಅಕ್ಷರ ಎಂದರೆ ಇರುವಂಥದ್ದಲ್ಲ, ಬಂದು ಹೋಗುವಂಥದ್ದು ಎಂದೇ ಇತ್ತು. ಕಪ್ಪು ಗಾಜಿನ ಮೇಲೆ ಅವು ಎದ್ದು ಆರಿಹೋಗುವಾಗ ನನಗೇನೂ ಹೊಸದೆನಿಸಲಿಲ್ಲ. ಆರಿದ ಮೇಲೂ ಕಣ್ಣಿನೊಳಗೆ ಉಳಿಯುತ್ತಿದ್ದವು ಎಂಬುದಷ್ಟೇ ಹೊಸದು. ಹಾಸಿಗೆಗೆ ಬಂದು ಮೇಲೆ ನೋಡಿದರೆ ಚಾವಣಿಯಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ತೇಲುತ್ತಿದ್ದವು. ಫ್ಯಾನು ಅವುಗಳ ನಡುವೆ ತಿರುಗಿದರೂ ಒಂದಕ್ಕೂ ತಾಗುತ್ತಿರಲಿಲ್ಲ.

ವ್ಯಾಪಾರ ಎಷ್ಟು ನಡೆಯಿತು ಎಂದು ನೀವು ಕೇಳುತ್ತೀರಿ. ನಡೆಯಲಿಲ್ಲ. ಹೊಸೂರಿನ ಒಬ್ಬ ಲಗ್ನಪತ್ರಿಕೆ ಅಚ್ಚು ಹಾಕುವವರು ತೆಗೆದುಕೊಂಡರು. ಒಂದು ಮಠದವರು ತೆಗೆದುಕೊಂಡರು. ಇನ್ನು ಕೆಲವರು ನೋಡಿ, ಕಾಫಿ ಕುಡಿದು ಹೋದರು. ಆಮೇಲೆ ಯಾವ ಕಾರ್ಡೂ ಬೇಡದೆ ಕನ್ನಡ ತಾನಾಗಿ ಬರುವ ಕಾಲ ಬಂತು. ಕಾರ್ಡು ಮಂಚದ ಕೆಳಗೆ ಹೋಗಿ, ಅಲ್ಲಿಂದ ಹಳೇ ಸಾಮಾನಿನವನ ಪಾಲಾಯಿತು, ಡಿಸ್ಕುಗಳು ನನ್ನ ಅಡುಗೆಮನೆಗೆ ಬಂದವು. ಸಮುದ್ರದ ಗಾಳಿಗೆ ಒಂದೊಂದೇ ಬೂಷ್ಟು ಹಿಡಿದು, ನಾನೇ ಕಸದವಳಿಗೆ ಕೊಟ್ಟೆ. ಅವಳೂ ಒಂದೆರಡನ್ನು ಮುಚ್ಚಳಕ್ಕೆಂದು ಇಟ್ಟುಕೊಂಡಳು.

ಉಳಿದದ್ದು ದೇವರ ಗೂಡಿನಲ್ಲಿದ್ದ ಮೂಲ ಡಿಸ್ಕು ಮಾತ್ರ. ಮಿಕ್ಕ ಡಿಸ್ಕುಗಳಿಗೆಲ್ಲ ತಾಯಿ ಅದು. ಅದರಿಂದಲೇ ಬೇರೆಯವನ್ನು ನಕಲು ಮಾಡುತ್ತಿದ್ದರು. ನಮ್ಮಲ್ಲಿ ಆಯುಧಪೂಜೆ ದಿನ ದುಡಿಯುವ ಸಾಮಾನಿಗೆಲ್ಲ ಮೂರು ಬೆರಳಿನ ವಿಭೂತಿ ಬೀಳಬೇಕು. ಬೆಸುಗೆ ಕಡ್ಡಿಗೆ, ಮೀಟರಿಗೆ, ಸ್ಕೂಟರಿಗೆ, ನನ್ನ ರುಬ್ಬುವ ಕಲ್ಲಿಗೆ. ಡಿಸ್ಕುಗಳಲ್ಲಿ ದೊಡ್ಡದು ಯಾವುದೋ ಅದಕ್ಕೆ ತಪ್ಪಿಸಲಾಗುತ್ತದೆಯೇ. ಕೊಂಡವರಿಗೆ ಈ ಮನುಷ್ಯ ವರ್ಷವಿಡೀ ಹೇಳುತ್ತಿದ್ದದ್ದು ಒಂದೇ ಮಾತು: ಕಿಟಕಿಗೆ ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡು ಸಾಕು, ಅಕ್ಷರ ಸಾಯುತ್ತದೆ. ಆಯುಧಪೂಜೆ ದಿನ ತಾವೇ ಅದೇ ಕಿಟಕಿಯ ಮೇಲೆ ಒದ್ದೆ ವಿಭೂತಿ ಎಳೆದರು.

“ಬೆರಳು ತಾಗಿಸ್ಬಾರ್ದು ಅಂದಿದ್ರಿ?” ಎಂದೆ.

“ಇದು ಬೆರಳಲ್ಲ. ವಿಭೂತಿ” ಎಂದರು, ನನಗೇ ತಿಳಿವಳಿಕೆ ಇಲ್ಲದವರ ಹಾಗೆ.

ನಾನು ವಿಭೂತಿ ಮಾಡುವ ಮನೆಯಲ್ಲಿ ಬೆಳೆದವಳು. ನಮ್ಮಜ್ಜಿ ಬೆರಣಿ ಸುಟ್ಟು, ಬೂದಿಯನ್ನು ಹಳೆಯ ಸೀರೆಯಲ್ಲಿ ಸೋಸಿ, ನೀರು ಹಾಕಿ ಕಲಸಿ, ಮೊಟ್ಟೆಯಷ್ಟು ದಪ್ಪದ ಉಂಡೆ ಕಟ್ಟಿ ಬಿಸಿಲಿಗಿಡುತ್ತಿದ್ದಳು. ಸೋಸುವ ಕೆಲಸ ನನ್ನದು. ಬೂದಿ ಮೂಗಿಗೆ, ರೆಪ್ಪೆಗೆ, ಬಾಯಿಗೆಲ್ಲ ಹೋಗಿ, ಇಡೀ ದಿನ ಲೋಕವೇ ಬೆಳದಿಂಗಳಲ್ಲಿ ಇದ್ದಂತೆ ಬೆಳ್ಳಗೆ ಕಾಣುತ್ತಿತ್ತು. ಎಷ್ಟು ಸೋಸಿದರೂ ಹಲ್ಲಿಗೆ ಗರಗರ ಎನ್ನುತ್ತಿತ್ತು. ಆ ಗರಗರ ಡಿಸ್ಕಿಗೆ ಒಳ್ಳೆಯದಲ್ಲ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಅವರು ಮಾರನೆಯ ದಿನ ಒರೆಸಿ ಇಡುತ್ತಿದ್ದರು, ಅದೂ ಹೇಗೋ ಓದಿಕೊಂಡು ಹೋಗುತ್ತಿತ್ತು. ಕಡೆಯ ಸಲ ಒರೆಸಲಿಲ್ಲ. ಆಯುಧಪೂಜೆ ಮುಗಿದು ದೀಪಾವಳಿ ಬರುವುದರೊಳಗೆ ಹೋಗಿಬಿಟ್ಟರು. ಗೆರೆಗಳು ಹಾಗೇ ಒಣಗಿ ಕೂತವು.

ಭಾನುವಾರ ಗೌರಿ ಬಂದಳು. ನುಂಗಂಬಾಕ್ಕಂನಲ್ಲಿ ಅವಳ ಮನೆ, ಆಫೀಸು ಎರಡೂ. ಈಗ ಅವಳಿಗೂ ತಲೆ ಅರ್ಧ ನರೆತಿದೆ. ಮೆಟ್ಟಿಲು ಹತ್ತಿ ಬರುವಾಗಲೇ ವಸಂತಿಯ ಚಪ್ಪಲಿ ನೋಡಿ ಯಾರೆಂದು ಕೇಳಿದಳು. ಹೇಳಿದೆ. ಡಿಸ್ಕು ತೊಳೆಯುವ ವಿಷಯವನ್ನೂ ಹೇಳಿದೆ. ಅವಳ ಮುಖ ಅಲ್ಲಿಗೇ ಬಿಗಿಯಿತು.

“ಯಾರನ್ನ ಕೇಳಿ ಇವಳಿಗೆ ತೋರಿಸ್ದೆ?”

“ದೇವ್ರ ಗೂಡಲ್ಲಿರೋದು ಬಂದೋರಿಗೆಲ್ಲ ಕಾಣ್ತದೆ. ನಾನೇನು ಬಚ್ಚಿಟ್ಟಿದ್ನಾ?”

“ತೊಳೆಯೋದು ಗಿಳೆಯೋದು ವೇಂಡಾಂ. ಅದು ಅಪ್ಪನ ವಿರಲ್ ಅಮ್ಮಾ.”

ಬೇಡ ಎನ್ನುವುದಕ್ಕೂ ಬೆರಳಿಗೂ ಅವಳ ಬಾಯಲ್ಲಿ ತಮಿಳೇ ಬರುವುದು. ಚಿಕ್ಕಂದಿನಿಂದ ಹಾಗೆ, ಕನ್ನಡದಲ್ಲಿ ಮಾತು ಶುರು ಮಾಡಿದರೆ ಯಾವ ಪದ ಎಲ್ಲಿ ಗಡಿ ದಾಟುತ್ತದೋ ಅವಳಿಗೇ ತಿಳಿಯದು.

ಅವಳು ಹೇಳಿದ್ದು ಸುಳ್ಳಲ್ಲ. ಅವರ ನಡುಬೆರಳಿನ ತುದಿ ಬೆಸುಗೆ ಕಡ್ಡಿಗೆ ಸುಟ್ಟು ಗಡುಸಾಗಿ ಹೋಗಿತ್ತು. ಅದು ಸರಿಯಾಗಿ ಊರುತ್ತಿರಲಿಲ್ಲ. ಹಾಗಾಗಿ ಮೇಲಿನ ಗೆರೆ, ಕೆಳಗಿನ ಗೆರೆ ದಪ್ಪ. ನಡುವಿನದು ತೆಳು, ಒಂದು ಕಡೆ ತುಂಡು. ಆ ತುಂಡು ಇದ್ದದ್ದು ಕಿಟಕಿಯೊಳಗೇ. ಗೌರಿ ಪ್ರತಿ ಭಾನುವಾರ ಬಂದು ಆ ಡಿಸ್ಕಿನ ಮುಂದೆ ಒಂದು ಹೂವಿಡುತ್ತಾಳೆ. ಅವರ ಫೋಟೋ ಮುಂದೆ ಇಡುವುದಿಲ್ಲ.

ವಸಂತಿ ಎದ್ದು ನಿಂತು ಮೆತ್ತಗೆ ಹೇಳಿದಳು. “ಅಕ್ಕಾ, ಲಕೋಟೆಗೆ ಏನೂ ಮಾಡುವುದಿಲ್ಲ. ಅದರ ಮೇಲಿನ ಗೆರೆ ಹಾಗೇ ಇರುತ್ತದೆ. ಕಿಟಕಿಯಲ್ಲಿ ಕಾಣುವಷ್ಟು ಮಾತ್ರ ಹೋಗುತ್ತದೆ. ಮೊದಲು ಫೋಟೋ ತೆಗೆದುಕೊಳ್ಳುತ್ತೇನೆ.”

“ಫೋಟೋದಲ್ಲಿ ಬೂದಿ ಇರತ್ತಾ?”

“ಇರುವುದಿಲ್ಲ. ಆದರೆ ಈ ಕಾರ್ಡಿಗೆ ಬೇರೆ ಡಿಸ್ಕು ಎಲ್ಲೂ ಇಲ್ಲ ಅಕ್ಕಾ, ಹೊಸೂರಿಗೂ ಹೋಗಿ ಕೇಳಿ ಬಂದೆ. ಇದನ್ನು ಹೀಗೇ ಬಿಟ್ಟರೆ ಇನ್ನೊಂದೆರಡು ಮಳೆಗಾಲದಲ್ಲಿ ಅಂಟು ಬಿಟ್ಟು ಆ ಕಂದು ಬಣ್ಣವೇ ಉದುರುತ್ತದೆ. ಅಕ್ಷರ ಇರುವುದು ಆ ಬಣ್ಣದಲ್ಲೇ.”

“ಉದುರಲಿ. ಯಾರು ಅಳ್ತಾರೆ? ಆ ಕಾರ್ಡನ್ನ ಯಾರಾದ್ರೂ ಯೂಸ್ ಮಾಡ್ತಾರಾ? ನನ್ನ ಹೆಸರು ಇಟ್ಟಿದಾರೆ, ನನಗೇ ಅದನ್ನ ಓದಕ್ಕೆ ಬರಲ್ಲ.”

ಪರದೆ ಒಂದು ಸಲ ಒಳಗೆ ಬಂದು ಹೊರಗೆ ಹೋಯಿತು.

“ಬೆರಳನ್ನೇ ಮಣ್ಣಿಗಿಟ್ಟು ಬಂದ್ವಲ್ಲೇ ಗೌರಿ” ಎಂದೆ. “ಗುರುತಿಟ್ಕೊಂಡು ಏನ್ ಮಾಡ್ತೀಯ?”

ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು ಮಾತು. ಸುಳ್ಳೇನಲ್ಲ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಮೊದಲ ಹಿಡಿ ಮಣ್ಣು ಹಾಕಿದವಳು ಗೌರಿಯೇ.

“ನಿನಗೆ ಮನಸ್ಸೇ ಇಲ್ಲ ಅಮ್ಮಾ.”

“ಇರೋದಕ್ಕೇ ಹೇಳ್ತಿರೋದು. ಆ ಗೆರೆ ಎಳೆಯಕ್ಕೆ ನಿಮ್ಮಪ್ಪಂಗೆ ಒಂದು ಚಿಟಿಕೆ ಹೊತ್ತು. ಅಕ್ಷರಕ್ಕೆ ಎಷ್ಟು ಮಳೆಗಾಲ ಕೂತ್ರು ಅನ್ನೋದು ನಂಗೊತ್ತು. ಅನ್ನ ಆರಿಸ್ಕೊಂಡು ಕಾದೋಳು ನಾನು.”

ಗೌರಿ ಚೀಲ ಎತ್ತಿಕೊಂಡಳು. ಊಟ ಮಾಡದೆ ಮೆಟ್ಟಿಲಿಳಿದು ಹೋದಳು. ನಮ್ಮ ಮನೆಯಲ್ಲಿ ಜಗಳ ಹೊಸದಲ್ಲ, ಆದರೆ ಅವಳು ಊಟ ಬಿಟ್ಟು ಹೋದದ್ದು ಅದೇ ಮೊದಲು.

“ತೊಳಿ” ಎಂದೆ ವಸಂತಿಗೆ.

“ಅಕ್ಕ ಒಪ್ಪಲಿಲ್ಲವಲ್ಲ ಪಾಟಿ.”

“ಒಪ್ಪುವುದಿಲ್ಲ. ತೊಳಿ.”

ಅವಳು ಎಲ್ಲ ಕಡೆಯಿಂದ ಫೋಟೋ ತೆಗೆದಳು. ಬಟ್ಟೆ ಹಾಸಿ, ಸಣ್ಣ ಚಾಕುವಿನಿಂದ ಲಕೋಟೆಯ ಮೇಲಂಚು ಸೀಳಿ, ದುಂಡು ಹಾಳೆಯನ್ನು ನಡುವಿನ ತೂತಿಗೆ ಬೆರಳು ಕೊಟ್ಟು ಜಾರಿಸಿ ತೆಗೆದಳು. ಬರಿಯ ಹಾಳೆಯನ್ನು ನಾನು ಅವತ್ತೇ ನೋಡಿದ್ದು. ಎಷ್ಟೋ ಮೊಸರು ಮುಚ್ಚಿದ್ದೇನೆ, ಒಳಗೆ ಇಷ್ಟು ನಯವಾದದ್ದು ಇದೆ ಎಂದು ಗೊತ್ತಿರಲಿಲ್ಲ. ಅವಳು ಸೀಸೆಯಲ್ಲಿ ತಂದಿದ್ದ ಶುದ್ಧ ನೀರನ್ನು ನನ್ನ ಪರಾತಕ್ಕೆ ಹೊಯ್ದು, ಹಾಳೆಯನ್ನು ಮುಳುಗಿಸಿದಳು. ವಿಭೂತಿ ಕೂಡಲೇ ಕರಗಲಿಲ್ಲ. ಮೂರು ಗೆರೆಯೂ ನೀರಿನೊಳಗೆ ಸ್ವಲ್ಪ ಹೊತ್ತು ಹಾಗೇ ನಿಂತಿದ್ದವು. ಆಮೇಲೆ ಅಂಚು ಬಿಟ್ಟು, ಹೊಗೆಯ ಹಾಗೆ ಎದ್ದು, ನೀರೆಲ್ಲ ಅಕ್ಕಿ ತೊಳೆದಂತೆ ಬೆಳ್ಳಗಾಯಿತು. ನಡುವಿನ ತೆಳು ಗೆರೆ ಮೊದಲು ಹೋಯಿತು. ನಾನು ನೋಡುತ್ತಿದ್ದೆ. ಹೋಗುವುದನ್ನು ಯಾರಾದರೂ ಒಬ್ಬರು ನೋಡಬೇಕಲ್ಲ.

ಅವಳು ಮೆತ್ತನೆ ಬಟ್ಟೆಯಿಂದ ಒತ್ತಿ, ಸ್ಪಿರಿಟ್ಟಿನಲ್ಲಿ ಇನ್ನೊಮ್ಮೆ ಒರೆಸಿ ನೆರಳಿಗೆ ಇಟ್ಟಳು. ಪರಾತದ ನೀರನ್ನು ನಾನು ತುಂಬೆ ಗಿಡದ ಕುಂಡಕ್ಕೆ ಹಾಕಿದೆ. ಭಕ್ತಿಯಿಂದ ಅಲ್ಲ, ಬೂದಿ ಗಿಡಕ್ಕೆ ಒಳ್ಳೆಯದು. ಬರಿದಾದ ಲಕೋಟೆ ಮತ್ತೆ ದೇವರ ಗೂಡಿಗೆ ಹೋಯಿತು. ಈಗ ಗೆರೆ ಕಿಟಕಿಯ ಈಚೆ ಇದೆ, ಆಚೆ ಇದೆ, ನಡುವೆ ತೂತಿನಲ್ಲಿ ಗೋಡೆ ಕಾಣುತ್ತದೆ.

ಹಾಳೆಯನ್ನು ಬೇರೆ ಲಕೋಟೆಯಲ್ಲಿಟ್ಟು ವಸಂತಿ ಮನೆಗೆ ಒಯ್ದಳು. ಎಷ್ಟು ದಿನವಾದರೂ ಸುದ್ದಿ ಇಲ್ಲ. ಗೌರಿಗೆ ಫೋನು ಮಾಡಿದರೆ “ಕೆಲಸ ಇದೆ ಅಮ್ಮಾ” ಎಂದು ಇಡುತ್ತಿದ್ದಳು. ಮುಂದಿನ ಭಾನುವಾರವೂ ಬರಲಿಲ್ಲ, ಅದರ ಮುಂದಿನದ್ದೂ ಇಲ್ಲ. ನನಗೆ ಮೊದಲ ಸಲ ಹೆದರಿಕೆಯಾಯಿತು. ಡಿಸ್ಕು ಓದದೇ ಹೋದರೆ ಏನು? ಅವಳ ಅಪ್ಪನ ಬೆರಳೂ ಹೋಯಿತು, ಅಕ್ಷರವೂ ಹೋಯಿತು, ಎರಡನ್ನೂ ಕಳೆದವಳು ನಾನು ಎಂದಾಗುತ್ತದೆ. ಮಧ್ಯಾಹ್ನ ಮಲಗಿ ಚಾವಣಿ ನೋಡಿದರೆ ಬರೀ ಸುಣ್ಣ ಕಾಣುತ್ತಿತ್ತು. ಒಂದು ಅಕ್ಷರವೂ ಬರುತ್ತಿರಲಿಲ್ಲ. ಬಂದಾಗ ಬೇಡ ಅನ್ನಿಸುತ್ತಿದ್ದವು, ಬಾರದಾಗ ಕಾಯುವಂತಾಯಿತು.

ಕೊನೆಗೊಂದು ದಿನ ವಸಂತಿ ಆಟೋದಲ್ಲಿ ಬಂದು ನನ್ನನ್ನು ಪಲ್ಲಾವರಂಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಏನೂ ಹೇಳಲಿಲ್ಲ. ಬಂದು ನೋಡಿ ಎಂದಳು ಅಷ್ಟೆ. ಅವಳ ಮನೆಯಲ್ಲಿ ಬಟ್ಟೆ ಬೀರುವಿನಷ್ಟು ಎತ್ತರದ ಗಾಜಿನ ಪೆಟ್ಟಿಗೆ, ಅದರ ತುಂಬ ಡಿಸ್ಕು, ನಡುನಡುವೆ ತೇವ ಹೀರುವ ಸಣ್ಣ ಪೊಟ್ಟಣಗಳು. ಒಂದು ಡಿಸ್ಕಿಗೂ ಮುಚ್ಚಳದ ಭಾಗ್ಯವಿಲ್ಲ. ತಲೆಯ ಮೇಲೆ ವಿಮಾನವೊಂದು ಹಾದುಹೋಗಿ ಇಡೀ ಪೆಟ್ಟಿಗೆ ಗುಂಯ್ ಎಂದಿತು.

“ಇದೆಲ್ಲ ಯಾರದ್ದು?”

“ಯಾರದ್ದೂ ಅಲ್ಲ ಪಾಟಿ. ಅದಕ್ಕೇ ಇಟ್ಟುಕೊಂಡಿದ್ದೇನೆ.”

ಹಳೆಯ ಕಂಪ್ಯೂಟರೊಂದರ ಹೊಟ್ಟೆಗೆ ನಮ್ಮ ಕಾರ್ಡು ಹಾಕಿದ್ದಳು. ಕಿಟಕಿ ಮುಚ್ಚಿ, ದೀಪ ಆರಿಸಿ, ಗುಂಡಿ ಒತ್ತಿದಳು. ಯಂತ್ರ ಕೆಮ್ಮಿತು, ಕೆರೆಯಿತು, ಸುಮ್ಮನಾಯಿತು. ಗಾಜು ಕಪ್ಪಗೇ ಇತ್ತು. ನಾನು ಸೆರಗಿನ ಅಂಚು ಹಿಡಿದುಕೊಂಡಿದ್ದೆ. ಆಮೇಲೆ ಅ ಬಂತು. ಅದರ ಪಕ್ಕದಲ್ಲಿ ಆ. ಸಾಲು ಸಾಲಾಗಿ, ಅವಸರವಿಲ್ಲದೆ, ಹಸಿರಾಗಿ ಬಂದವು. ಹೊಟ್ಟೆ ಸೀಳದ ಬ ಬಂತು. ಸೀಳಿದ ಭ ಬಂತು. ಇಷ್ಟು ವರ್ಷ ಇವು ಎಲ್ಲಿದ್ದವು ಎಂದು ನಾನು ಕೇಳಲಿಲ್ಲ. ಇವು ನಿದ್ದೆ ಮುಗಿಸಿ ಎದ್ದಿವೆ, ಒಂದಕ್ಕೂ ವಯಸ್ಸಾಗಿಲ್ಲ, ಮುದುಕಿಯಾದವಳು ನಾನೊಬ್ಬಳೇ ಎಂದು ಅನ್ನಿಸಿತು. ಕೋಣೆಯೊಳಗೆ ಬೆಸುಗೆಯ ಹೊಗೆ ಇರಲಿಲ್ಲ, ಆದರೂ ನನ್ನ ಮೂಗಿಗೆ ಬಂತು. ಇದನ್ನು ಡಾಕ್ಟರಿಗೆ ಹೇಳುವುದಿಲ್ಲ.

“ಎರಡು ಅಕ್ಷರ ಹೋಗಿವೆ ಪಾಟಿ” ಎಂದಳು ವಸಂತಿ, ತಪ್ಪು ಮಾಡಿದವಳ ಹಾಗೆ. “ಬೂದಿ ಎಂದೋ ಗೀರಿದ್ದ ಕಡೆ.” ಯಾವುವೆಂದು ಖಾಲಿ ಜಾಗ ತೋರಿಸಿದಳು. ಮೂರನೆಯ ಕ್ಲಾಸಿನಲ್ಲಿ ಬರೆಸಿದ್ದು ಬಿಟ್ಟರೆ ಆ ಎರಡನ್ನು ನಾನು ಈ ಜನ್ಮದಲ್ಲಿ ಬಳಸಿಲ್ಲ. ಶಿವ ತನ್ನ ಪಾಲು ತೆಗೆದುಕೊಳ್ಳುವಾಗ ನೋಡಿಕೊಂಡೇ ತೆಗೆದುಕೊಂಡಿದ್ದಾನೆ ಎಂದೆ. ಅವತ್ತು ಅವಳು ನಕ್ಕಳು.

ಅಕ್ಷರಗಳ ನಕಲನ್ನು ಹಲವು ಕಡೆ ಇಟ್ಟಿದ್ದಾಳಂತೆ, ಬೇರೆ ದೇಶಗಳಲ್ಲಿರುವ ಅವಳ ಹಾಗಿನ ಹುಚ್ಚರ ಹತ್ತಿರವೂ. ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಫೋನಿನಲ್ಲಿ ಇಂಗ್ಲಿಷು ಅಕ್ಷರ ಒತ್ತಿ ಕನ್ನಡ ಮಾತು ಬರೆದರೆ, ಅದು ಗೌರಿ ಕಾರ್ಡಿನ ಅಕ್ಷರದಲ್ಲಿ, ಕಪ್ಪಿನ ಮೇಲೆ ಹಸಿರಾಗಿ ಚಿತ್ರವಾಗಿ ಬರುತ್ತದೆ.

“ಅಕ್ಕನಿಗೆ ಕಳಿಸಲಾ?” ಎಂದು ಅಂಜುತ್ತಾ ಕೇಳಿದಳು.

“ಕಳಿಸು. ಬೈದರೆ ನನ್ನ ಹೆಸರು ಹೇಳು.”

ಗೌರಿ ಬೈಯಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ವಾರ ಕಳೆಯಿತು.

ಮೊನ್ನೆ ಮಧ್ಯಾಹ್ನ ಮಲಗಿದ್ದಾಗ ಫೋನು ಕಿಣಿ ಎಂದಿತು. ಕನ್ನಡಕ ಹಾಕಿಕೊಂಡು ನೋಡಿದರೆ ಗೌರಿಯಿಂದ ಒಂದು ಕಪ್ಪು ಚಿತ್ರ. ಅದರಲ್ಲಿ ನಮ್ಮ ಯಜಮಾನರ ಅಕ್ಷರ. ನಾನು ಒಂದೊಂದನ್ನೇ ಕೂಡಿಸಿಕೊಂಡು ಓದಿದೆ. ಊಹೆ ನನಗೆ ಈಗಲೂ ಬರುವುದಿಲ್ಲ. ‘ಅಮ್ಮಾ ನನ್ನ ಕೋಪ ಇನ್ನೂ ಹೋಗಿಲ್ಲ. ಭಾನುವಾರ ಬರ್ತೀನಿ. ಸಾರು ಮಾಡು’ ಎಂದಿತ್ತು.

ಅದರ ಹಿಂದೆಯೇ ಅವಳ ಧ್ವನಿಯೂ ಬಂತು. “ಅಮ್ಮಾ, ಒಂದು ಬರೆದು ಕಳಿಸಿದೀನಿ. ಏನಂತ ಬಂದಿದೆಯೋ ನನಗೆ ಓದಕ್ಕೆ ಬರಲ್ಲ. ಸರಿಯಾಗಿ ಬಂದಿದ್ಯಾ ನೋಡಿ ಹೇಳು.”

ನನಗೆ ಬರೆದು ಕಳಿಸಲು ಬರುವುದಿಲ್ಲ. ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡೆ.

“ಎಲ್ಲ ಬಂದಿದೆ ಕಣೇ” ಎಂದೆ. “ಕೋಪ ಅನ್ನೋದಂತೂ ಬಲು ಚೆನ್ನಾಗಿ ಬಂದಿದೆ.”